ಓಕುಮಾ ಅಂಗಳ, ನಾಗೇಗೌಡರ ಲೋಕ

ಕೂಟಗಲ್ಲಿನಲ್ಲಿ ಬೆಳಗಿನ ಬಸ್ಸು ಹತ್ತಿದರೆ ಸೀಟಿಗಿಂತ ಮೊದಲು ಕಾಲಿಗೆ ಸಿಗುವುದು ರೇಷ್ಮೆಗೂಡಿನ ಚೀಲ. ಅದನ್ನು ತುಳಿಯುವಂತಿಲ್ಲ, ಅದರ ಮೇಲೆ ಇನ್ನೊಂದು ಹೇರುವಂತಿಲ್ಲ, ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡುವಂತೆಯೂ ಇಲ್ಲ. ಒಳಗಿರುವ ಹುಳಕ್ಕೆ ಇನ್ನೂ ಜೀವ ಇದೆ. ನನ್ನ ಪಕ್ಕದಲ್ಲಿದ್ದ ಯಜಮಾನರು ಚೀಲದ ಬಾಯಿಯ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದರು.

"ನಾಲ್ಕನೇ ಜ್ವರ ಎದ್ದಾಗಿಂದ ಮನೇಲಿ ಯಾರೂ ಸರಿಯಾಗಿ ಮಲಗಿಲ್ಲ ತಾಯಿ," ಎಂದರು.

ಜ್ವರ ಬಂದದ್ದು ಹುಳಕ್ಕೆ. ಪೊರೆ ಬಿಡುವಾಗ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಮಲಗುತ್ತದೆ. ಹೀಗೆ ನಾಲ್ಕು ಸಲ. ನಾಲ್ಕನೆಯದರಿಂದ ಎದ್ದ ಮೇಲೆ ಅದರ ಹಸಿವಿಗೆ ಹಗಲು ರಾತ್ರಿ ಎಂಬುದಿಲ್ಲ. ಆ ಒಂದು ವಾರ ಇಡೀ ಮನೆ ಹುಳದ ಆಳು.

"ನೀವು ಜಪಾನಿಗೆ ಹೋಗಿದ್ರಂತೆ. ಅಲ್ಲಿ ಏನ್ ನೋಡಿದ್ರಿ?"

"ಒಂದು ಕಾಲೇಜು ನೋಡಿದೆ ಯಜಮಾನ್ರೆ."

"ಕಾಲೇಜು ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ರಾಮನಗರದಿಂದ ಬೆಂಗ್ಳೂರ್ ತಂಕ ರಸ್ತೆ ಉದ್ದಕ್ಕೂ ಅವೇ ಇದಾವಲ್ಲ!"

ಬಸ್ಸಿನಲ್ಲಿದ್ದ ನಾಲ್ಕಾರು ಮಂದಿ ನಕ್ಕರು. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನಮ್ಮಲ್ಲಿ ಖಾಸಗಿ ಕಾಲೇಜು ಎಂದರೆ ಮೊದಲು ಕಣ್ಣಿಗೆ ಬರುವುದು ಗಾಜಿನ ಕಟ್ಟಡ, ಆಮೇಲೆ ಫೀಸಿನ ಚೀಟಿ. ಟೋಕಿಯೊದಲ್ಲಿ ನಾನು ನೋಡಿದ್ದು ಬೇರೆ ಜಾತಿಯದು. ಅದೇ ಜಾತಿಯ ಇನ್ನೊಂದು ನಮ್ಮ ತಾಲ್ಲೂಕಿನಲ್ಲೇ ಇದೆ ಎಂದು ಆವತ್ತು ನನ್ನ ತಲೆಯಲ್ಲಿ ಓಡುತ್ತಿತ್ತು. ನಾನು ಹೊರಟಿದ್ದೂ ಅಲ್ಲಿಗೇ.

ಕೂಟಗಲ್ ರಾಮನಗರ ತಾಲ್ಲೂಕಿನ ಒಂದು ಹೋಬಳಿ. ಬಂಡೆಗಳ ನಡುವೆ ಮಣ್ಣು ಸಿಕ್ಕ ಕಡೆಯೆಲ್ಲ ಹಿಪ್ಪುನೇರಳೆ, ರಾಗಿ, ಮಾವು, ತೆಂಗು. ಈ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಇಷ್ಟು ಹಳೆಯ ಕಲ್ಲಿನ ಮೇಲೆ ಇಷ್ಟು ಮೆದುವಾದ ಬೆಳೆ!

ಜಪಾನ್ ಈ ಸೀಮೆಗೆ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ ಜಪಾನಿನಿಂದ ತಜ್ಞರನ್ನು ಕರೆಸಿದ್ದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ. 1991ರಲ್ಲಿ ಜಪಾನಿನ ನೆರವಿನಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ (ಬೈವೋಲ್ಟಿನ್) ಯೋಜನೆ ಶುರುವಾಯಿತು. ಯಜಮಾನರ ಚೀಲದಲ್ಲಿದ್ದ ಬಿಳಿ ಬೈವೋಲ್ಟಿನ್ ಗೂಡಿನ ಹಿಂದೆ ಆ ಕೆಲಸ ಇದೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗೆ ಜಪಾನಿನ ಕಸುಬುಗಾರಿಕೆ ಕೂಡಿಸಿದವರು ಬಾವಾಸ್ ಮಿಯಾ ಎಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಬಿಡದಿಯ ಟೊಯೋಟಾ ಕಾರ್ಖಾನೆಯಂತೂ ಎಲ್ಲರಿಗೂ ಗೊತ್ತು. 2007ರಿಂದ ಅಲ್ಲಿ ಹಳ್ಳಿ ಹುಡುಗರಿಗೆ ಊಟ, ವಸತಿ ಕೊಟ್ಟು ಕಸುಬು ಕಲಿಸುವ ಶಾಲೆಯೂ ನಡೆಯುತ್ತಿದೆ. ಹುಳ, ಗೊಂಬೆ, ಕಾರು, ಮೂರಕ್ಕೂ ಜಪಾನಿನ ನಂಟಿದೆ. ಆದರೆ ಅವರು ವಿದ್ಯೆಯನ್ನು ಹೇಗೆ ಕಟ್ಟಿದರು ಎಂದು ಕೇಳಿದವರು ಕಡಿಮೆ. ಕೇಳಿದವರಲ್ಲಿ ವಿಶ್ವೇಶ್ವರಯ್ಯನವರು ಒಬ್ಬರು. 1898ರಲ್ಲೇ ಜಪಾನ್ ಸುತ್ತಿ ಬಂದರು. ಅವರು ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಅದು ಸರ್ಕಾರ ಕಟ್ಟಿದ ವಿದ್ಯಾಲಯ. ನಾನು ಹೇಳಹೊರಟಿರುವುದು ಸರ್ಕಾರದಿಂದ ಹೊರಗೆ ಬಂದವರು ಕಟ್ಟಿದ್ದರ ಮಾತು.

ಟೋಕಿಯೊ ನಗರಾಡಳಿತದ ಹಳೆಯ ಕಾಲದ ಟ್ರಾಮು ಒಂದೇ ಒಂದು ಮಾರ್ಗದಲ್ಲಿ ಉಳಿದಿದೆ, ಮನೆಗಳ ಹಿತ್ತಿಲಿಗೆ ತಾಗಿಕೊಂಡೇ ಹೋಗುತ್ತದೆ. ಅದರ ಕೊನೆಯ ನಿಲ್ದಾಣ ವಸೆದಾ. ತಂಗಿಯ ಮಗ ಅಲ್ಲಿ ಕೆಲಸದಲ್ಲಿದ್ದಾನೆ. "ದೊಡ್ಡಮ್ಮ, ದೇವಸ್ಥಾನ ಎಲ್ಲಾ ಆಯ್ತಲ್ಲ, ಇವತ್ತು ಕಾಲೇಜಿಗೆ ಹೋಗೋಣ," ಎಂದು ಕರೆದುಕೊಂಡು ಹೋದ. ಟ್ರಾಮು ಇಳಿದು ನಡೆದೆವು. ಪುಸ್ತಕದ ಅಂಗಡಿ, ಅಗ್ಗದ ನೂಡಲ್ಸ್ ಅಂಗಡಿ, ಸೈಕಲ್ಲು. ಒಂದು ತಿರುವಿನಲ್ಲಿ ಎರಡೂ ಕಡೆ ಗಿಂಕ್ಗೊ ಮರಗಳ ಅಗಲವಾದ ದಾರಿ, ತುದಿಯಲ್ಲಿ ಗೌನು ತೊಟ್ಟು ಚೌಕ ಟೋಪಿ ಹಾಕಿಕೊಂಡ ಮುದುಕರ ಕಂಚಿನ ಪ್ರತಿಮೆ.

"ಗೇಟು ಎಲ್ಲೋ?" ಎಂದೆ.

"ದಾಟಿ ಬಂದ್ವಲ್ಲ. ಇಲ್ಲಿ ಬಾಗಿಲೇ ಇಲ್ಲ ದೊಡ್ಡಮ್ಮ."

ನಿಜ. ವಸೆದಾದ ಮುಖ್ಯ ದ್ವಾರಕ್ಕೆ ಬಾಗಿಲಿಲ್ಲ. ಯಾರೂ ಗುರುತಿನ ಚೀಟಿ ಕೇಳಲಿಲ್ಲ. 40 ಸಾವಿರಕ್ಕೂ ಹೆಚ್ಚು ಮಂದಿ ಓದುವ ಜಾಗಕ್ಕೆ ಊರಿನ ಅಜ್ಜಿಯರು ಮೊಮ್ಮಕ್ಕಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಿದ್ದರು. ಕಾಲೇಜಿನ ಗೇಟಿನಲ್ಲಿ ವಾಚ್‌ಮನ್‌ಗೆ ಸಮಜಾಯಿಷಿ ಕೊಟ್ಟು ಕೊಟ್ಟು ರೂಢಿಯಾದ ನನಗೆ ಕಾಲು ಸ್ವಲ್ಪ ಹೊತ್ತು ಹಿಂಜರಿದದ್ದು ಸಹಜವೇ.

ಪ್ರತಿಮೆಯಲ್ಲಿರುವವರು ಓಕುಮಾ ಶಿಗೆನೊಬು. ಸಾಗಾ ಸಂಸ್ಥಾನದ ಸಮುರಾಯ್ ಮನೆತನದವರು, ಹೊಸ ಮೇಜಿ ಸರ್ಕಾರದ ಹಣಕಾಸು ನೋಡಿಕೊಂಡವರು. ಬೇಗ ಸಂವಿಧಾನ ಬರಲಿ, ಪಾರ್ಲಿಮೆಂಟು ಬರಲಿ ಎಂದು ಹಟ ಹಿಡಿದದ್ದಕ್ಕೆ 1881ರಲ್ಲಿ ಜೊತೆಗಾರರೇ ಅವರನ್ನು ಸರ್ಕಾರದಿಂದ ಹೊರಗೆ ಹಾಕಿದರು. ಮಾರನೆಯ ವರ್ಷ, 1882ರ ಅಕ್ಟೋಬರ್ 21ರಂದು, ಪೇಟೆಯ ಹೊರಗೆ ಗದ್ದೆಗಳ ನಡುವೆ ಒಂದು ಶಾಲೆ ತೆರೆದರು. ಆಗ ಅದರ ಹೆಸರು ಟೋಕಿಯೊ ಸೆಮ್ಮೊನ್ ಗಕ್ಕೊ. ವಸೆದಾ ಎಂಬ ಹೆಸರು 1902ರಲ್ಲಿ ಬಂತು. ಮೊದಲ ದಿನ ಇದ್ದ ವಿದ್ಯಾರ್ಥಿಗಳು ನೂರಕ್ಕೂ ಕಡಿಮೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಸಂಗತಿ. ಆ ಹೊತ್ತಿಗೆ ಸರ್ಕಾರದ ಟೋಕಿಯೊ ವಿಶ್ವವಿದ್ಯಾಲಯ ಇತ್ತು. ಅಲ್ಲಿ ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಕಲಿಸುವವರು ಪರದೇಶದವರು. ಓಕುಮಾ ಜೊತೆಗಿದ್ದ ಓನೊ ಅಜುಸಾ ಎಂಬ ತರುಣ ಆರಂಭದ ದಿನವೇ ಎದ್ದು ನಿಂತು, ವಿದ್ಯೆ ಸ್ವತಂತ್ರವಾಗಬೇಕಾದರೆ ಪಾಠ ನಮ್ಮ ಮಾತಿನಲ್ಲೇ ನಡೆಯಬೇಕು ಎಂದರು. ಕಾನೂನು, ರಾಜಕೀಯ, ಅರ್ಥಶಾಸ್ತ್ರ, ಎಲ್ಲವೂ ಜಪಾನೀ ಭಾಷೆಯಲ್ಲಿ. ಪಾರಿಭಾಷಿಕ ಪದವೇ ಇನ್ನೂ ಸರಿಯಾಗಿ ಹುಟ್ಟಿರದ ಕಾಲ ಅದು. ಪದ ಸಿಗುವ ತನಕ ಕಾಯೋಣ ಎಂದು ಅವರು ಕೂರಲಿಲ್ಲ, ಪಾಠ ಮಾಡುತ್ತಲೇ ಪದ ಮಾಡಿಕೊಂಡರು. ಕನ್ನಡ ಮಾಧ್ಯಮದ ಬಗ್ಗೆ ನಾವು ನಡೆಸಿರುವ ವಿಚಾರ ಸಂಕಿರಣಗಳನ್ನೆಲ್ಲ ನೆನೆದು ಆ ಮರದ ಕೆಳಗೆ ನನಗೆ ನಗು ಬಂತು, ಹೊಟ್ಟೆಕಿಚ್ಚೂ ಬಂತು.

ಸರ್ಕಾರಕ್ಕೆ ಓಕುಮಾ ಶಾಲೆ ದಂಗೆಕೋರರ ಗೂಡು ಎಂಬ ಗುಮಾನಿ. ಗೂಢಚಾರರನ್ನು ಬಿಟ್ಟರು, ಸರ್ಕಾರಿ ಪ್ರಾಧ್ಯಾಪಕರೂ ನ್ಯಾಯಾಧೀಶರೂ ಅಲ್ಲಿಗೆ ಪಾಠಕ್ಕೆ ಹೋಗದಂತೆ ತಡೆದರು. ಶಾಲೆ ಉಳಿದದ್ದು ಮೇಷ್ಟರುಗಳ ಹಟದಿಂದ. ಕೆಲವೇ ವರ್ಷಗಳಲ್ಲಿ ಪಾಠಗಳನ್ನು ಅಚ್ಚು ಹಾಕಿ ಅಂಚೆಯಲ್ಲಿ ಹಳ್ಳಿಹಳ್ಳಿಗೆ ಕಳಿಸುವ ಏರ್ಪಾಟನ್ನೂ ಮಾಡಿದರು. ಟೋಕಿಯೊಗೆ ಬಂದು ಓದಲಾಗದ ರೈತರ ಮಕ್ಕಳು ದೀಪದ ಬೆಳಕಿನಲ್ಲಿ ವಸೆದಾದ ವಿದ್ಯಾರ್ಥಿಗಳಾದರು. ಖಾಸಗಿ ಸಂಸ್ಥೆಯೂ ಕಾನೂನಿನ ಪ್ರಕಾರ ವಿಶ್ವವಿದ್ಯಾಲಯ ಎನಿಸಿಕೊಳ್ಳಬಹುದು ಎಂದು ಸರ್ಕಾರ ಒಪ್ಪಿದ್ದು 1918ರ ಆಜ್ಞೆಯಲ್ಲಿ; 1920ರಲ್ಲಿ ವಸೆದಾಕ್ಕೆ ಆ ಮಾನ್ಯತೆ ಬಂತು. 38 ವರ್ಷ ಅದು ಸರ್ಕಾರದ ಮೊಹರಿಲ್ಲದೆಯೇ ಕಲಿಸಿತ್ತು.

ಓಕುಮಾರನ್ನು ದೇವರು ಮಾಡುವ ಅಗತ್ಯವಿಲ್ಲ. 1889ರಲ್ಲಿ ಬಾಂಬಿನ ದಾಳಿಗೆ ಬಲಗಾಲು ಕಳೆದುಕೊಂಡರೂ ಎರಡು ಸಲ ಪ್ರಧಾನಿಯಾದವರು, ಧೈರ್ಯಸ್ಥರು, ಸಂಶಯವಿಲ್ಲ. ಆದರೆ 1915ರಲ್ಲಿ ಚೀನಾದ ಮೇಲೆ ಕುಖ್ಯಾತವಾದ 21 ಬೇಡಿಕೆಗಳನ್ನು ಹೇರಿದ ಸರ್ಕಾರ ಅವರದೇ. ಅದಕ್ಕೆ ಹತ್ತು ವರ್ಷ ಹಿಂದೆ ಚೀನಾದ ಹುಡುಗರಿಗಾಗಿ ಪ್ರತ್ಯೇಕ ವಿಭಾಗ ತೆರೆದಿದ್ದೂ ಅವರ ವಸೆದಾವೇ. ಕಟ್ಟಿದವರ ದೋಷ ಕಟ್ಟಡಕ್ಕೆ ಅಂಟುತ್ತದೆಯೇ ಎಂದು ತಂಗಿಯ ಮಗನನ್ನು ಕೇಳಿದೆ. ಅವನು ಕಾಫಿ ಕುಡಿಯೋಣ ಎಂದ.

ಕಾಫಿಯ ನಂತರ ಹೋದದ್ದು ನಾಟಕದ ಮ್ಯೂಸಿಯಮ್ಮಿಗೆ. ಇದು ತ್ಸುಬೊಉಚಿ ಶೋಯೊ ಎಂಬ ಮೇಷ್ಟರ ನೆನಪಿನದು. ಶಾಲೆ ತೆರೆದ ಮರುವರ್ಷವೇ ಬಂದು ಸೇರಿದವರು. ಷೇಕ್ಸ್‌ಪಿಯರನನ್ನು ಪೂರ್ತಿಯಾಗಿ ಜಪಾನೀ ಭಾಷೆಗೆ ತಂದರು, 40 ಸಂಪುಟ. ಆ ಕೆಲಸ ಮುಗಿದದ್ದಕ್ಕೆ, ಅವರಿಗೆ 70 ತುಂಬಿದ್ದಕ್ಕೆ ಸೇರಿಸಿ 1928ರಲ್ಲಿ ಹಳೆಯ ಲಂಡನ್ನಿನ ನಾಟಕಶಾಲೆಯೊಂದರ ಮಾದರಿಯಲ್ಲಿ ಈ ಕಟ್ಟಡ ಕಟ್ಟಿದರು. ಒಳಗೆ ಕಬುಕಿಯ ವರ್ಣಚಿತ್ರಗಳು, ಬುನ್‌ರಾಕು ಗೊಂಬೆಗಳು, ನೋ ನಾಟಕದ ಮುಖವಾಡಗಳು. ಕಾದಂಬರಿಕಾರ ಹರುಕಿ ಮುರಾಕಮಿ ವಿದ್ಯಾರ್ಥಿಯಾಗಿದ್ದಾಗ ಇಲ್ಲಿ ಕೂತು ಚಿತ್ರಕಥೆಗಳನ್ನು ಓದುತ್ತಿದ್ದರಂತೆ. ಈಗ ಪಕ್ಕದಲ್ಲೇ, 2021ರಿಂದ, ಅವರ ಹೆಸರಿನ ಗ್ರಂಥಾಲಯವಿದೆ. ಹೊರಗೆ ತ್ಸುಬೊಉಚಿ ಅವರ ಪ್ರತಿಮೆ ಬಲಗೈ ಚಾಚಿಕೊಂಡು ನಿಂತಿದೆ. ಮೈಯೆಲ್ಲ ಕಪ್ಪುಗಟ್ಟಿದ ಕಂಚು, ಆ ಅಂಗೈ ಮಾತ್ರ ಚಿನ್ನದ ಹೊಳಪು. ಕೈ ಕುಲುಕಿದರೆ ಪ್ರವೇಶ ಪರೀಕ್ಷೆ ಪಾಸಾಗುತ್ತದೆ ಎಂದು ಹುಡುಗರ ನಂಬಿಕೆ. ನಾನೂ ಕುಲುಕಿದೆ. ಯಾವ ಪರೀಕ್ಷೆಯೂ ಬಾಕಿಯಿರಲಿಲ್ಲ, ಆದರೂ.

ಒಂದು ಮುಖವಾಡದ ಮುಂದೆ ಬಹಳ ಹೊತ್ತು ನಿಂತೆ. ಹೆಣ್ಣಿನ ಮುಖ, ಮನುಷ್ಯರ ಮುಖಕ್ಕಿಂತ ಒಂದು ಸುತ್ತು ಚಿಕ್ಕದು. ಸ್ವಲ್ಪ ಬಗ್ಗಿ ನೋಡಿದರೆ ನಗುತ್ತದೆ, ಎದ್ದು ನಿಂತು ನೋಡಿದರೆ ದುಃಖ. ಮರ ಮರವೇ, ಬಾಗಿದ್ದು ನಾನು. ನೋ ನಟ ರಂಗಕ್ಕೆ ಹೋಗುವ ಮುನ್ನ ಕನ್ನಡಿಯ ಕೋಣೆಯಲ್ಲಿ ಕೂತು, ಮುಖವಾಡಕ್ಕೆ ತಲೆಬಾಗಿ, ಆಮೇಲೆ ತೊಡುತ್ತಾನೆ ಎಂದು ತಂಗಿಯ ಮಗ ಹೇಳಿದ. ಆಗ ನನ್ನ ಬಾಯಿಂದ ತಾನಾಗಿಯೇ ಬಂತು: "ಸೋಮನಿಗೂ ಹಂಗೇ ಅಲ್ವೇನೋ!"

ಸೋಮನ ಕುಣಿತ ನೋಡಿದವರಿಗೆ ಗೊತ್ತು, ಗ್ರಾಮದೇವತೆಯ ಮುಂದೆ ಪೂಜೆಯಾಗದೆ ಆ ಮುಖವನ್ನು ಯಾರೂ ಹೊರುವುದಿಲ್ಲ. ಅದನ್ನು ನೋಡಬೇಕೆಂದೇ ನಾನು ಊರಿಗೆ ಮರಳಿದ ಮೇಲೆ ಆ ಬೆಳಗಿನ ಬಸ್ಸು ಹತ್ತಿ ಜಾನಪದ ಲೋಕಕ್ಕೆ ಹೊರಟದ್ದು.

ಅಲ್ಲಿಗೆ ಹೋಗುವ ಮುಂಚೆ ಇನ್ನೊಂದು ಹೆಸರು. 1900ರ ಸುಮಾರಿಗೆ ವಸೆದಾದಲ್ಲಿ ಕೃಷಿ ನೀತಿಯ ಪಾಠ ಹೇಳುತ್ತಿದ್ದ ತರುಣ ಅಧಿಕಾರಿ ಯಾನಾಗಿತಾ ಕುನಿಯೊ. ಕೃಷಿ ಇಲಾಖೆಯ ನೌಕರ, ಕೆಲಸದ ಮೇಲೆ ಹಳ್ಳಿ ಸುತ್ತುವವರು. ತೋನೊ ಎಂಬ ಬೆಟ್ಟದ ಸೀಮೆಯಿಂದ ವಸೆದಾಕ್ಕೆ ಓದಲು ಬಂದಿದ್ದ ಸಸಾಕಿ ಕಿಜೆನ್ ಎಂಬ ಹುಡುಗ ತನ್ನೂರಿನ ದೆವ್ವ, ನೀರುಭೂತ, ಬೆಟ್ಟದ ಹೆಂಗಸರ ಕಥೆಗಳನ್ನು ಅವರಿಗೆ ಹೇಳಿದ. ಯಾನಾಗಿತಾ ಬರೆದುಕೊಂಡರು. 1910ರಲ್ಲಿ ಪುಸ್ತಕವಾಗಿ ಬಂದ 'ತೋನೊ ಮೊನೊಗತಾರಿ' ಜಪಾನಿನ ಜಾನಪದ ಅಧ್ಯಯನಕ್ಕೆ ಬುನಾದಿ ಹಾಕಿತು. ಸರ್ಕಾರಿ ಅಧಿಕಾರಿ, ಹಳ್ಳಿಯ ಬಾಯಿ, ಹೊರಗಿನವರ ಕಣ್ಣಿಗೆ ಹುಚ್ಚೆನಿಸುವ ಸಂಗ್ರಹ. ಕನ್ನಡದವರಿಗೆ ಇಂಥ ಒಬ್ಬರು ಕೂಡಲೇ ನೆನಪಾಗಬೇಕು.

ಎಚ್.ಎಲ್. ನಾಗೇಗೌಡರು 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದವರು. ಐಎಎಸ್ ಅಧಿಕಾರಿಯಾದರು, ಜಿಲ್ಲಾಧಿಕಾರಿಯಾದರು. ಸರ್ಕೀಟು ಹೋದ ಕಡೆ ಕಡತದ ಜೊತೆಗೆ ಪದವನ್ನೂ ಕೇಳುವ ಅಭ್ಯಾಸ. ಪರದೇಶದ ಯಾತ್ರಿಕರ ಬರಹಗಳನ್ನು 'ಪ್ರವಾಸಿ ಕಂಡ ಇಂಡಿಯಾ' ಎಂದು ಎಂಟು ಸಂಪುಟಗಳಲ್ಲಿ ಕನ್ನಡಕ್ಕೆ ತಂದರು, 'ದೊಡ್ಡಮನೆ' ಎಂಬ ಕಾದಂಬರಿ ಬರೆದರು. ಹಾಡುಗಳ ಒಂದು ಸಂಗ್ರಹಕ್ಕೆ ಅವರು ಇಟ್ಟ ಹೆಸರು 'ಸೋಬಾನೆ ಚಿಕ್ಕಮ್ಮನ ಪದಗಳು'. ಹಾಡಿದವಳ ಹೆಸರೇ ಪುಸ್ತಕದ ಹೆಸರು. ಮಾಹಿತಿದಾರರು ಎಂದು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ತುರುಕುವ ನಮ್ಮ ವಿದ್ವಾಂಸರು ಇದನ್ನು ಒಮ್ಮೆ ಗಮನಿಸಬೇಕು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟುಹಾಕಿದರು. 1994ರಲ್ಲಿ, 79ರ ವಯಸ್ಸಿನಲ್ಲಿ, ರಾಮನಗರದ ಬಂಡೆಗಳ ನೆರಳಿನ 15 ಎಕರೆಯಲ್ಲಿ ಜಾನಪದ ಲೋಕ ತೆರೆದರು. ಮರುವರ್ಷ ಮುಧೋಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2005ರಲ್ಲಿ ತೀರಿಕೊಂಡರು.

ಜಾನಪದ ಲೋಕ ವಿಶ್ವವಿದ್ಯಾಲಯವಲ್ಲ. ಜಾನಪದದಲ್ಲಿ ಸರ್ಟಿಫಿಕೇಟು, ಡಿಪ್ಲೊಮಾ ತರಗತಿ ನಡೆದಿವೆ, ಕುಣಿತ ಕಲಿಸಿದ್ದಾರೆ, ಗಂಟೆಗಟ್ಟಲೆ ಹಾಡು, ಕಥನ ಕಾವ್ಯಗಳನ್ನು ಮುದ್ರಿಸಿಕೊಂಡಿದ್ದಾರೆ. ಅಷ್ಟಾದರೂ ಒಳಗೆ ಕಾಲಿಟ್ಟರೆ ವಿದ್ಯಾಲಯಕ್ಕೆ ಬಂದಂತೆಯೇ ಅನಿಸುತ್ತದೆ, ವಿಭಾಗಗಳ ಹೆಸರು ಮಾತ್ರ ಬೇರೆ: ಲೋಕಮಾತಾ ಮಂದಿರ, ಚಿತ್ರ ಕುಟೀರ, ಲೋಕ ಮಹಲ್, ಶಿಲ್ಪಮಾಳ, ಆಯಗಾರಮಾಳ. ಕಾದಂಬರಿಯ ದೊಡ್ಡಮನೆಯೂ ಇಲ್ಲಿ ಕಲ್ಲು ಮಣ್ಣಿನಲ್ಲಿ ನಿಂತಿದೆ.

ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯೇ ಒಂದು ಶಾಸ್ತ್ರ. ಆಳೆತ್ತರದ ವಾಡೆಗಳು, ರಾಗಿಕಲ್ಲು, ಒರಳು, ಒನಕೆ, ಕಡಗೋಲು, ಸೇರು, ಪಾವು, ಚಟಾಕು. ಒಂದು ಸೇರಿನ ಬಾಯಂಚು ಒಂದೇ ಕಡೆ ಸವೆದು ಓರೆಯಾಗಿತ್ತು. ಅಳೆಯುವಾಗ ಅಂಗೈಯಿಂದ ಮೇಲಿನ ಕಾಳನ್ನು ಒಂದೇ ದಿಕ್ಕಿಗೆ ಸವರಿ ಸವರಿ ಆದ ಸವೆತ ಇರಬೇಕು. ಎಷ್ಟು ತಲೆಮಾರಿನ ಕೈ!

ಮಳವಳ್ಳಿ ಕಡೆಯಿಂದ ಮೊಮ್ಮಕ್ಕಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಅದರ ಮುಂದೆಯೇ ನಿಂತಿದ್ದರು.

"ಇದು ನಮ್ಮನೇಲೂ ಇತ್ತು ಕಣವ್ವ. ಎರಡು ಸ್ಟೀಲ್ ಬಕೀಟಿಗೆ ಪಾತ್ರೆಯೋನಿಗೆ ಕೊಟ್ಬುಟ್ಟೋ. ಇಲ್ಲಿ ನೋಡಿದ್ರೆ ಟಿಕೀಟ್ ಮಡಗವ್ರೆ!"

ಮೊಮ್ಮಗ ಗೋಡೆಯ ಫಲಕ ಓದಲು ಹೊರಟ. ಅಜ್ಜಿ ಅವನನ್ನು ತಡೆದು, ಫಲಕದಲ್ಲಿ ಇಲ್ಲದ್ದನ್ನೆಲ್ಲ ಹೇಳತೊಡಗಿದರು. ವಾಡೆಯ ತಳದ ತೂತಿಗೆ ಬಟ್ಟೆಯ ಬಿರಡೆ ಹೇಗೆ ಬಿಗಿಯಬೇಕು, ರಾಗಿಗೆ ಹುಳ ಬೀಳದ ಹಾಗೆ ಯಾವ ಸೊಪ್ಪು ಹಾಕಬೇಕು, ಬೀಸುವಾಗ ಗೂಟ ಹಿಡಿಯುವ ಕೈ ಯಾವುದು. ಕಾಲು ಗಂಟೆ ಪಾಠ ನಡೆಯಿತು. ಅಕ್ಕಪಕ್ಕದ ಕಾಲೇಜು ಹುಡುಗಿಯರೂ ಬಂದು ಸುತ್ತ ನಿಂತರು, ಒಬ್ಬಳು ಫೋನು ತೆಗೆದು ಚಿತ್ರೀಕರಿಸಿಕೊಂಡಳು. ನಾಗೇಗೌಡರಿದ್ದಿದ್ದರೆ ಟೇಪು ಹಚ್ಚುತ್ತಿದ್ದರು.

ಲೋಕ ಮಹಲಿನಲ್ಲಿ ತೊಗಲುಗೊಂಬೆಗಳು. ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ ಬಣ್ಣ ಬಳಿದಿದ್ದಾರೆ. ಒಡವೆ ಇರುವ ಕಡೆಯೆಲ್ಲ ಸಣ್ಣ ಸಣ್ಣ ತೂತು. ಕಿಟಕಿಯ ಬೆಳಕಿಗೆ ಅಡ್ಡವಾಗಿ ನೋಡಿದೆ. ಸೀತೆಯ ಸೊಂಟಪಟ್ಟಿಯ ಒಂದೊಂದು ಮಣಿಯೂ ಉರಿಯಿತು. ಬುನ್‌ರಾಕು ಗೊಂಬೆಗೆ ರೇಷ್ಮೆ ಉಡಿಸಿ ಮೂವರು ಸೇರಿ ಆಡಿಸುತ್ತಾರೆ. ನಮ್ಮವರು ಇಲ್ಲದ ಜಾಗವನ್ನೇ ಕೊರೆದು ಒಡವೆ ಮಾಡಿದ್ದಾರೆ. ಯಾವುದು ಹೆಚ್ಚು ಎಂದು ಕೇಳುವುದು ತಪ್ಪು, ಆದರೂ ನನ್ನ ಮನಸ್ಸು ಎತ್ತ ವಾಲಿತೆಂದು ಹೇಳಬೇಕಿಲ್ಲ.

ಸೋಮನ ಮುಖ ನೋಡಿದ ಕೂಡಲೇ ನೋ ಮುಖವಾಡ ಚಿಕ್ಕದಾಗಿ ಕಂಡಿತು. ಇದು ಮುಖಕ್ಕಿಂತ ಎರಡು ಮೂರು ಪಟ್ಟು ದೊಡ್ಡದು, ಕೆಂಪು ಬಣ್ಣ, ಉರಿಗಣ್ಣು, ಕೋರೆ. ಬಾಗಿ ನೋಡಿದರೂ ಎದ್ದು ನೋಡಿದರೂ ಅದರ ಭಾವ ಬದಲಾಗುವುದಿಲ್ಲ, ಬದಲಾಗಬೇಕಾದವರು ನೋಡುವವರು. ನೋ ಆಡುವುದು ಉಸಿರು ಬಿಗಿಹಿಡಿದ ಒಳಾಂಗಣದಲ್ಲಿ, ಸೋಮ ಕುಣಿಯುವುದು ತಮಟೆಯ ಸದ್ದಿನಲ್ಲಿ, ಬಯಲಿನಲ್ಲಿ, ಮರ ಹತ್ತಿ ಕೂತ ಹುಡುಗರಿಗೂ ಕಾಣುವಂತೆ. ಅಳತೆ ಬೇರೆಯಾದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೇ?

ಹೊರಗೆ ಶಿಲ್ಪಮಾಳದಲ್ಲಿ ವೀರಗಲ್ಲುಗಳು, ಆಯಗಾರಮಾಳದಲ್ಲಿ ಗಾಣ, ಗಾಡಿ, ಕುಂಬಾರನ ತಿಗರಿ. ಇವನ್ನು ಬೇಗ ಬೇಗ ನೋಡಿದೆ, ಬಿಸಿಲಿತ್ತು.

2011ರಲ್ಲಿ ಸರ್ಕಾರವೇ ಜಾನಪದ ವಿಶ್ವವಿದ್ಯಾಲಯ ಮಾಡಿತು, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ. ಒಳ್ಳೆಯದೇ. ಅಷ್ಟರಲ್ಲಿ ಜಾನಪದ ಲೋಕಕ್ಕೆ 17 ವರ್ಷ, ಪರಿಷತ್ತಿಗೆ 32. ಒಬ್ಬ ನಿವೃತ್ತ ಅಧಿಕಾರಿಯ ಹಟ ಸರ್ಕಾರಕ್ಕಿಂತ ಒಂದು ತಲೆಮಾರು ಮುಂಚೆ ಎದ್ದು ಕೂತಿತ್ತು. ಓಕುಮಾ ಹೊರಗೆ ಹಾಕಿಸಿಕೊಂಡು ಶಾಲೆ ಕಟ್ಟಿದರು, ನಾಗೇಗೌಡರು ನಿವೃತ್ತರಾಗಿ ಲೋಕ ಕಟ್ಟಿದರು. ಇಬ್ಬರಿಗೂ ಸರ್ಕಾರದ ಒಳಗು ಗೊತ್ತಿತ್ತು, ಅಲ್ಲಿ ಏನಾಗುವುದಿಲ್ಲ ಎಂಬುದೂ ಗೊತ್ತಿತ್ತು. ವ್ಯತ್ಯಾಸವೂ ದೊಡ್ಡದೇ. ವಸೆದಾದಿಂದ ಹೊರಬಿದ್ದವರು ಪತ್ರಕರ್ತರಾದರು, ಮಂತ್ರಿಗಳಾದರು, ಕಂಪನಿ ಕಟ್ಟಿದರು, ತಿರುಗಿ ತಮ್ಮ ಶಾಲೆಗೆ ಹಣ ಹಾಕಿದರು. ಜಾನಪದ ಲೋಕದ ಮೇಷ್ಟರುಗಳು ನೀಲಗಾರರು, ದೇವರಗುಡ್ಡರು, ಸೋಬಾನೆಯವರು. ಅವರ ಶಿಷ್ಯರಿಂದ ದೇಣಿಗೆ ಹರಿದುಬರುವುದು ಹೇಗೆ?

ಈಗ ಇನ್ನೊಂದು ತಾಪತ್ರಯ ಸೇರಿದೆ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಮುಂಚೆ ಮೈಸೂರಿಗೆ ಹೊರಟ ಕಾರುಗಳು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಲೋಕದ ಮುಂದೆ ನಿಲ್ಲಿಸಿ, ಚನ್ನಪಟ್ಟಣದಲ್ಲಿ ಗೊಂಬೆ ಕೊಂಡು ಮುಂದೆ ಹೋಗುತ್ತಿದ್ದವು. ಈಗ ಹಳೆಯ ರಸ್ತೆಗೆ ಬೇಕೆಂದೇ ಇಳಿಯಬೇಕು. ಇಳಿಯಿರಿ. ಮಕ್ಕಳಿಗಿಂತ ಮುಖ್ಯವಾಗಿ ಮನೆಯ ಹಿರಿಯ ಹೆಂಗಸೊಬ್ಬರನ್ನು ಕರೆದುಕೊಂಡು ಹೋಗಿ, ಫಲಕ ಓದುವ ಕೆಲಸ ತಪ್ಪುತ್ತದೆ. ಅರ್ಧ ದಿನವಾದರೂ ಇಟ್ಟುಕೊಳ್ಳಿ. ಮಂಗಳವಾರ ಹೋಗಬೇಡಿ, ಆವತ್ತು ರಜೆ. ಹಸಿವಾದರೆ ಪಕ್ಕದಲ್ಲೇ ಕಾಮತ್ ಲೋಕರುಚಿಯಿದೆ, ಜೋಳದ ರೊಟ್ಟಿ ಸಿಗುತ್ತದೆ.